ಕುಂಬಳಕಾಯಿ ತಲೆಯ ಗೊಂಬೆ

"ಕತ್ತರಿ ಕೊಡಿ ಪ್ರೇಮಮ್ಮ," ಎಂದು ಉಷಾರಾಣಿ ಕೈ ಚಾಚಿದ್ದೇ ತಡ, ಸಂಘದ ಕೋಣೆಯಲ್ಲಿದ್ದ ಹೆಂಗಸರೆಲ್ಲ ಚಾಪೆಯ ಮೇಲೆ ಕೂತಲ್ಲೇ ಒಂದು ಮೊಳ ಹಿಂದಕ್ಕೆ ಸರಿದರು.

ಪ್ರೇಮಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಬ್ಯಾಂಕ್ ಮ್ಯಾನೇಜರನ ಎದುರು ಮೇಜು ಕುಟ್ಟಿ ಮಾತಾಡುವ ಹೆಂಗಸು. ಅಂಥವರು ಈಗ ಕತ್ತರಿಯನ್ನು ಕೈಗೆ ಕೊಡದೆ ನೆಲದ ಮೇಲಿಟ್ಟು, ಕಾಲ ಹೆಬ್ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ನೂಕಿದರು.

"ಬಿಚ್ಚಲೇಬೇಕಾ ಉಷಕ್ಕ? ಗುಡಿ ಮೂಲೇಲಿ ಬಿದ್ದಿತ್ತು. ಅಲ್ಲೇ ಬುಡಬೋದಿತ್ತು ಕಣ್ರೀ."

"ಅಲ್ಲೇ ಬಿಟ್ಟರೆ ಅದೇನು ತಾನಾಗಿ ಬಾಯಿ ಬಿಡುತ್ತಾ?"

ಹಾಗೆ ನೋಡಿದರೆ ಗೊಂಬೆ ಬಾಯಿ ಬಿಟ್ಟುಕೊಂಡೇ ಇತ್ತು. ಒಂದು ಹಿಡಿಯಷ್ಟು ಗಾತ್ರ. ಕಿತ್ತಳೆ ಬಣ್ಣದ ಉಲ್ಲನ್ ದಾರದಲ್ಲಿ ಕ್ರೋಶಾ ಹಾಕಿದ ಕುಂಬಳಕಾಯಿ ತಲೆ, ಅದರ ಮೇಲೊಂದು ಹಸಿರು ತೊಟ್ಟು, ಮುಕ್ಕೋನದ ಕಪ್ಪು ಕಣ್ಣು, ಗರಗಸದ ಹಾಗೆ ಬಿಳಿ ಹಲ್ಲು, ಕೆಳಗೆ ನೆಲ ಗುಡಿಸುವಷ್ಟು ಉದ್ದದ ಕಪ್ಪು ಅಂಗಿ. ಇದು ಹತ್ತು ದಿನದ ಹಿಂದೆ ಅಕ್ಕಿ ಗಿರಣಿಯ ಕಂಠಪ್ಪನವರ ಹೊಸ್ತಿಲ ಮೇಲೆ ಸಿಕ್ಕಿತ್ತು. ಅದೇ ಸಂಜೆ ಅವರ ನಾಲ್ಕು ತಿಂಗಳ ಮೊಮ್ಮಗುವಿಗೆ ಜ್ವರ ಏರಿ ಫಿಟ್ಸ್ ಬಂದಿತ್ತು. ಹೆದರಿದವರು ಗೊಂಬೆಯನ್ನು ಗುಡಿಯ ಮೂಲೆಗೆ ಎಸೆದಿದ್ದರು.

ಮಗು ಈಗ ಮೈಸೂರಿನ ಆಸ್ಪತ್ರೆಯಲ್ಲಿ ಚೆನ್ನಾಗಿಯೇ ಇತ್ತು. ಚೆನ್ನಾಗಿಲ್ಲದಿದ್ದುದು ಊರು. ಚುಂಚನಕಟ್ಟೆ ದಾರಿಯ ಈ ಸಣ್ಣ ಕೊಪ್ಪಲಿನಲ್ಲಿ ಒಬ್ಬೊಬ್ಬರೂ ಒಂದೇ ಮಾತು ಆಡುತ್ತಿದ್ದರು: ಮಾಟ. ಮಾಡಿದವಳು ಅವರ ಮನೆಗೆಲಸದ ಕುಳ್ಳಮ್ಮ. ಯಾಕೆಂದರೆ ಇಂಥ ಗೊಂಬೆ ಹೆಣೆಯುವ ಕೈಗಳಲ್ಲಿ ಕಂಠಪ್ಪನವರ ಮನೆಯ ಒಳಗೂ ಹೊರಗೂ ಓಡಾಡುತ್ತಿದ್ದುದು ಅವಳೊಬ್ಬಳ ಕೈ.

ನಾಳೆ ಶ್ರಾವಣ ಸೋಮವಾರ. ಬಸವಣ್ಣನ ಗುಡಿಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಇದು ನನ್ನ ಕೆಲಸವಲ್ಲ ಎಂದು ಕುಳ್ಳಮ್ಮ ಆಣೆ ಇಡಬೇಕು. ಇಡದಿದ್ದರೆ ಊರು ಬಿಡಬೇಕು. ಯಜಮಾನ ಚಾಮಯ್ಯನವರು ಹಾಗೆಂದು ತೀರ್ಮಾನ ಕೊಟ್ಟು, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗಿದ್ದರು.

ಕುಳ್ಳಮ್ಮ ಮಾಡಿದೆ ಅನ್ನಲಿಲ್ಲ, ಮಾಡಿಲ್ಲ ಅನ್ನಲಿಲ್ಲ. ಆಣೆಗೂ ಒಪ್ಪಲಿಲ್ಲ. ಹುಣಸೂರಿನಲ್ಲಿ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ನಿವೃತ್ತಿಯ ಕಾಲ ಕಳೆಯುತ್ತಿದ್ದ ಮಾಜಿ ಎಎಸ್‌ಐ ಉಷಾರಾಣಿಯ ನಿದ್ದೆ ಕೆಡಿಸಿದ್ದು ಇದೇ. ತಪ್ಪು ಮಾಡದವಳಿಗೆ ಆಣೆಯ ಭಯ ಯಾಕೆ?

ಅವರು ಕತ್ತರಿ ಎತ್ತಿಕೊಂಡು ಗೊಂಬೆಯ ಕತ್ತಿನ ಹೊಲಿಗೆ ಬಿಡಿಸಿದರು. ಯಾರೋ "ಶಿವಶಿವಾ" ಅಂದರು. ಒಳಗಿನ ಹತ್ತಿಯ ಜೊತೆ ಏನೋ ಟಣ್ ಎಂದು ಕೆಳಗೆ ಬಿದ್ದು ಚಾಪೆಯಂಚಿನವರೆಗೂ ಉರುಳಿತು. ಹೆಂಗಸರು ಕಾಲು ಮಡಚಿಕೊಂಡರು.

ಅದನ್ನು ಹೆದರದೆ ಎತ್ತಿಕೊಟ್ಟವಳು ಕುಳ್ಳಮ್ಮನ ಮಗಳು ಚಿನ್ನು ಒಬ್ಬಳೇ. ಇಪ್ಪತ್ತರ ಹುಡುಗಿ, ಸಾಲಿಗ್ರಾಮದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಉಷಾರಾಣಿಗೆ ಫೋನ್ ಮಾಡಿ, "ಅವ್ವನ್ನ ಉಳ್ಸಿಕೊಡಿ ಮೇಡಂ," ಎಂದು ಬೇಡಿಕೊಂಡು ಕರೆಸಿದವಳೂ ಅವಳೇ.

"ಗೆಜ್ಜೆ ಗುಂಡು," ಎಂದರು ಉಷಾರಾಣಿ, ಅಂಗೈ ತೆರೆದು ಎಲ್ಲರಿಗೂ ತೋರಿಸುತ್ತ. "ಅಲುಗಾಡಿಸಿದರೆ ಒಳಗೆ ಏನೋ ಶಬ್ದ ಮಾಡುತ್ತೆ, ಅದೇ ಮಾಟದ ಗುರುತು ಅಂದಿರಲ್ಲ, ಇದೇ ಆ ಶಬ್ದ. ಮಗುವಿನ ಗಿಲಕಿಯಲ್ಲಿ ಹಾಕ್ತಾರಲ್ಲ, ಅಂಥದ್ದು. ಮಾಟ ಮಾಡೋರು ಯಾರಾದ್ರೂ ಒಳಗೆ ಗೆಜ್ಜೆ ಇಟ್ಟು ಆಟದ ಸಾಮಾನು ಮಾಡ್ತಾರಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಬಳಿ ಮಂಡಿಗೆ ಗಲ್ಲ ಊರಿ ಕೂತಿದ್ದ ಕುಳ್ಳಮ್ಮ ಮಾತ್ರ ಯಾರನ್ನೂ ನೋಡಲಿಲ್ಲ. ಐವತ್ತರ ಹೆಂಗಸು, ಬಡಕಲು ಮೈ. ಹತ್ತು ದಿನದಿಂದ ಅವಳ ಮನೆಯ ನೀರನ್ನು ಯಾರೂ ಮುಟ್ಟಿರಲಿಲ್ಲ.

"ಪ್ರೇಮಮ್ಮ, ಈ ಗೊಂಬೆ ಹಾಕೋದು ಎಲ್ಲಿಂದ ಶುರು? ಗೊತ್ತಿಲ್ಲದೋಳಿಗೆ ಹೇಳಿದ ಹಾಗೆ ಹೇಳಿ."

ಕೆಲಸದ ಮಾತು ಬಂದದ್ದೇ ಪ್ರೇಮಮ್ಮನ ಹೆದರಿಕೆ ಅರ್ಧ ಇಳಿಯಿತು. "ನೆತ್ತಿಯಿಂದ ಕಣಕ್ಕ. ದಾರದ ಉಂಗುರ ಮಾಡ್ಕಂಡು, ಕಡ್ಡೀಲಿ ಅದರೊಳಕ್ಕೆ ಆರು ಕುಣಿಕೆ. ಎರಡ್ನೇ ಸುತ್ತಿಗೆ ಒಂದೊಂದು ಕುಣಿಕೇಲೂ ಎರಡೆರಡು, ಹನ್ನೆರಡಾಯ್ತು. ಆಮ್ಯಾಕೆ ಹದಿನೆಂಟು, ಇಪ್ಪತ್ನಾಕು. ಅಂಗೇ ಬೆಳೀತದೆ ತಲೆ."

"ಓದು ಬರದೋರು ಲೆಕ್ಕ ಹೆಂಗೆ ಇಡ್ತಾರೆ?"

"ಹುಣಸೆಬೀಜ. ಮಡಿಲಲ್ಲಿ ಆರು ಬೀಜ. ಒಂದು ಕುಣಿಕೆಗೆ ಒಂದು ಬೀಜ ಅತ್ಲಾಗೆ ಸರ್ಸೋದು. ಬೀಜ ಮುಗೀತು, ಉಂಗುರ ಮುಚ್ಚು. ಕುಳ್ಳಮ್ಮಂಗೂ ನಾನು ಅಂಗೇ ಕಲ್ಸಿದ್ದು."

ಮೈಸೂರಿನ ವ್ಯಾಪಾರಿಯೊಬ್ಬರು ನಾನೂರು ಗೊಂಬೆ ಕೇಳಿ ಚಿತ್ರ ಕಳಿಸಿದ್ದ ದಿನ ಸಂಘದಲ್ಲಿ ದೊಡ್ಡ ಚರ್ಚೆಯೇ ಆಗಿತ್ತಂತೆ. ಹ್ಯಾಲೋವೀನ್ ಅಂತ ಹೊರದೇಶದ ಹಬ್ಬ, ಸತ್ತವರು ಎದ್ದು ಬರುವ ರಾತ್ರಿ, ಮಕ್ಕಳು ದೆವ್ವದ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತವೆ ಎಂದು ಚಿನ್ನು ಫೋನಿನಲ್ಲಿ ನೋಡಿ ವಿವರಿಸಿದ್ದಳು. "ನಮ್ಮ ಪಿತೃಪಕ್ಷವೇ ಅನ್ನು. ನಾವು ವಡೆ ಇಕ್ತೀವಿ, ಅವರು ಚಾಕ್ಲೇಟು ಇಕ್ತಾರೆ," ಎಂದು ಪ್ರೇಮಮ್ಮ ತೀರ್ಪು ಕೊಟ್ಟ ಮೇಲೆಯೇ ಎಲ್ಲರೂ ಕಡ್ಡಿ ಹಿಡಿದದ್ದು.

ಉಷಾರಾಣಿ ಗೊಂಬೆಯ ನೆತ್ತಿಯ ಹಸಿರು ತೊಟ್ಟನ್ನು ಕಿತ್ತರು. ಕೆಳಗೆ ಉಂಗುರ ಕಾಣಿಸಿತು. ಕನ್ನಡಕ ಸರಿಮಾಡಿಕೊಂಡು, ಸೂಜಿಯ ಮೊನೆಯಿಂದ ಒಂದೊಂದೇ ಕುಣಿಕೆ ಮುಟ್ಟಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಪ್ರೇಮಮ್ಮನ ಕೈಗೆ ಕೊಟ್ಟು ಅವರಿಂದಲೂ ಎಣಿಕೆ ಮಾಡಿಸಿದರು.

"ಏಳು," ಎಂದರು ಪ್ರೇಮಮ್ಮ, ಹುಬ್ಬು ಗಂಟಿಕ್ಕಿ. "ಅಕ್ಕ, ಏಳು ಯಾರೂ ಹಾಕಕ್ಕಿಲ್ಲ. ಅದಕ್ಕೇ ತಲೆ ದಪ್ಪ ಕಾಣ್ತಿತ್ತು ಇದು."

"ಕುಳ್ಳಮ್ಮ ಮಾಡಿದ ಗೊಂಬೆಗಳು ತನ್ನಿ."

ರಟ್ಟಿನ ಪೆಟ್ಟಿಗೆ ಬಂತು. ಒಂಬತ್ತು ಗೊಂಬೆ, ತೊಟ್ಟು ಹೊಲಿಯುವುದೊಂದೇ ಬಾಕಿ. ಒಂಬತ್ತನ್ನೂ ತಿರುಗಿಸಿ ನೋಡಿದರು. ಒಂಬತ್ತಕ್ಕೂ ಆರೇ ಕುಣಿಕೆ.

"ಕೇಳಿಸ್ಕೊಳ್ಳಿ ಎಲ್ಲರೂ," ಎಂದರು ಉಷಾರಾಣಿ. "ಕುಳ್ಳಮ್ಮಂದು ಆರರ ಕೈ. ಹೊಸ್ತಿಲಲ್ಲಿ ಸಿಕ್ಕಿದ್ದು ಏಳರ ಕೈ. ನಾಳೆ ಗುಡಿ ಮುಂದೆ ಈ ಒಂಬತ್ತು ಗೊಂಬೆ, ಆ ಒಂದು ಗೊಂಬೆ ಪಕ್ಕಪಕ್ಕ ಇಟ್ಟು ಚಾಮಯ್ಯನವರ ಕೈಯಿಂದಲೇ ಎಣಿಕೆ ಮಾಡಿಸ್ತೀನಿ. ಆಣೆ ಬೇಕಾಗಿಲ್ಲ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಮೂಲೆಯಲ್ಲಿದ್ದ ಪುಟ್ಟಸಿದ್ದಮ್ಮ ಎದ್ದು ಬಂದು, ಏನೂ ಆಗಿಯೇ ಇಲ್ಲವೆಂಬಂತೆ ಕುಳ್ಳಮ್ಮನ ಪಕ್ಕ ಕೂತು ಎಲೆ ಚೀಲ ಬಿಚ್ಚಿದಳು. ಹತ್ತು ದಿನದ ಮೇಲೆ ಒಬ್ಬಳು ಹತ್ತಿರ ಕೂತಿದ್ದಳು. ಉಷಾರಾಣಿಗೆ ಹೊಟ್ಟೆ ತಣ್ಣಗಾಯಿತು.

ಆದರೆ ಕುಳ್ಳಮ್ಮನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಅವಳು ಆ ಏಳು ಕುಣಿಕೆಯ ಉಂಗುರವನ್ನೇ ದೂರದಿಂದ ದಿಟ್ಟಿಸುತ್ತಿದ್ದಳು. ಕೊಟ್ಟ ಎಲೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತಿದ್ದಳು.

* * *

ಕಂಠಪ್ಪನವರ ಮನೆಯ ನಡುಮನೆಯಲ್ಲಿ ಖಾಲಿ ತೊಟ್ಟಿಲು ತೂಗುತ್ತಿತ್ತು. ಅವರ ಹೆಂಡತಿ ಸುಂದ್ರಮ್ಮ ಹೋಗುತ್ತ ಬರುತ್ತ ಅದನ್ನೊಮ್ಮೆ ತಟ್ಟಿ ಹೋಗುತ್ತಿದ್ದರು.

ಕಂಠಪ್ಪ ಗಿರಣಿಯಲ್ಲಿದ್ದರು. ಮಗ ಶಿವಶಂಕರ, ಸೊಸೆ ಭಾವನಾ ಇಬ್ಬರೂ ಮಗುವಿನ ಜೊತೆ ಮೈಸೂರಿನಲ್ಲಿ. ಮನೆಯಲ್ಲಿದ್ದದ್ದು ಸುಂದ್ರಮ್ಮ ಒಬ್ಬರೇ. ಹಣೆ ತುಂಬ ವಿಭೂತಿ, ಮಾತು ಮೆತ್ತಗೆ.

"ಮಗು ಯಾವಾಗ ಬರುತ್ತೆ?" ಎಂದು ಕೇಳಿದರು ಉಷಾರಾಣಿ.

"ಡಾಕ್ಟ್ರು ಮನೆಗೆ ಕಳಿಸ್ತೀವಿ ಅಂತಾರೆ, ಭಾವನಾ ಬರಲ್ಲ ಅಂತಾಳೆ. ಅದನ್ನ ಇಟ್ಟೋರು ಯಾರು ಅಂತ ಗೊತ್ತಾಗೋವರೆಗೂ ಈ ಹೊಸ್ತಿಲು ದಾಟಲ್ಲವಂತೆ. ಓದಿದ ಹುಡುಗಿ. ಮಾಟಗೀಟ ನಂಬಲ್ಲ, ಆದ್ರೆ ಮನುಷ್ಯರನ್ನ ನಂಬೋದು ಹೆಂಗೆ ಅಂತ ಕೇಳ್ತಾಳೆ. ಏನು ಹೇಳ್ಲಿ?"

ಕಾಫಿ ಆಯಿತು. ಅದೂ ಇದೂ ಮಾತಾಯಿತು. ಉಷಾರಾಣಿ ಎದ್ದು ನಿಂತರು. ಈ ಸೀಮೆಯಲ್ಲಿ ಗಿರಣಿ ಮನೆಗೆ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಸುಂದ್ರಮ್ಮ ಅಕ್ಕಿಯ ವಾಡೆಯ ಮುಂದೆ ಕೂತು, ಬಟ್ಟೆ ಚೀಲದ ಬಾಯಿ ಅಗಲಿಸಿದರು.

"ಆರು ಪಾವು ಹಾಕ್ತೀನಿ. ಹೊಸ ಅಕ್ಕಿ, ಸ್ವಲ್ಪ ಮುದ್ದೆ ಆಗುತ್ತೆ ಅಷ್ಟೆ," ಎಂದು ಪಾವು ಮುಳುಗಿಸಿದರು. "ಲಾಭ... ಒಂದು... ಎರಡು..."

ಉಷಾರಾಣಿ ನಿಂತಲ್ಲೇ ನಿಂತರು.

"...ಐದು... ಆರು."

ಚೀಲಕ್ಕೆ ಬಿದ್ದದ್ದು ಏಳು ಪಾವು.

"ಸುಂದ್ರಮ್ಮನೋರೇ, ಏಳಾಯ್ತಲ್ಲ?"

"ಇಲ್ವಲ್ಲ, ಆರೇ."

"ನಮ್ಮ ಕಡೆ ಮೊದಲನೇದಕ್ಕೆ ಒಂದು ಅನ್ನಲ್ಲ, ಲಾಭ ಅಂತಾರೆ. ಲಾಭ ಆದಮೇಲೆ ಎರಡು."

"ಎಲ್ಲ ಕಡೆನೂ ಅಷ್ಟೇ. ನಮ್ಮನೇಲಿ ಮಾತ್ರ ಬೇರೆ." ಸುಂದ್ರಮ್ಮನ ದನಿಯಲ್ಲಿ ಸಣ್ಣ ಹೆಮ್ಮೆ ಇಣುಕಿತು. "ನಮ್ಮ ಮಾವನವರ ಕಾಲದಿಂದ ನಡ್ಕೊಂಡು ಬಂದದ್ದು. ಲಾಭ ಲೆಕ್ಕಕ್ಕೆ ಸೇರಲ್ಲ, ತಗೊಳ್ಳೋರ ಪಾಲು ಅದು. ಲಾಭ ಆದಮೇಲೆ ಒಂದು. ಮದುವೆಯಾಗಿ ಬಂದ ಮೊದಲನೇ ವಾರವೇ ನಮ್ಮತ್ತೆ ಬಾಯಿಪಾಠ ಮಾಡಿಸಿದ್ರು. ಈಗ ಎಮ್ಮೆ ಎಣಿಸಿದ್ರೂ ಹಂಗೇ ಬಾಯಿಗೆ ಬರುತ್ತೆ."

ಉಷಾರಾಣಿ ಮತ್ತೆ ಕೂತರು. ಮಂಡಿ ಲಟಕ್ಕೆಂದಿತು. ಬ್ಯಾಗಿನಿಂದ ಗೊಂಬೆಯ ತಲೆ ತೆಗೆದು ಅಕ್ಕಿಯ ಪಕ್ಕ ಇಟ್ಟರು.

"ಇದನ್ನ ಹಾಕಿದೋರು ಆರು ಕುಣಿಕೆ ಹಾಕೋಕೆ ಹೋಗಿ ಏಳು ಹಾಕಿದ್ದಾರೆ. ಲಾಭ, ಒಂದು, ಎರಡು ಅಂತ ಎಣಿಸಿದ್ದಾರೆ. ಈ ಮನೆಯ ಎಣಿಕೆ ಇದು."

ಸುಂದ್ರಮ್ಮನ ಕೈಯಲ್ಲಿದ್ದ ಪಾವು ವಾಡೆಯ ಅಂಚಿಗೆ ತಗುಲಿ ಸದ್ದಾಯಿತು. ಅವರು ಅದನ್ನು ನಿಧಾನವಾಗಿ ಬೋರಲು ಹಾಕಿದರು.

"ನಿಮಗೆ ಕ್ರೋಶಾ ಬರುತ್ತಾ?"

ಸುಂದ್ರಮ್ಮ ಅಕ್ಕಿಯ ಚೀಲದ ಬಾಯಿ ಕಟ್ಟಿದರು. ಹೊರಗೆ ಗಿರಣಿಯ ಪಟ್ಟಿ ಓಡುವ ಸದ್ದು ಕೇಳುತ್ತಿತ್ತು.

"ಬರುತ್ತೆ," ಎಂದರು ಸುಂದ್ರಮ್ಮ. "ಕುಳ್ಳಮ್ಮ ಮಧ್ಯಾಹ್ನ ಕೆಲಸ ಮುಗಿಸಿ ಹಿತ್ತಲ ಜಗಲಿ ಮೇಲೆ ಕೂತು ಹಾಕ್ತಿದ್ಲು. ನಾನು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸ್ತಾ ನೋಡಿ ನೋಡಿ ಕಲಿತೆ. ಅವಳಿಗೆ ಗೊತ್ತಿಲ್ಲ. ಸಾಲಿಗ್ರಾಮದಲ್ಲಿ ದಾರ ತಂದು ನಾನೊಂದು ಹಾಕಿದೆ."

"ಯಾಕೆ?"

"ಮಗೂಗೆ ದೃಷ್ಟಿ ಆಗ್ಬಾರ್ದು ಅಂತ." ಅವರ ಕಣ್ಣು ತುಂಬಿತು. "ಹೊಸ ಮನೆಗೆ ಬೂದುಗುಂಬಳಕ್ಕೆ ಕಣ್ಣು ಮೀಸೆ ಬರೆದು ಕಟ್ತೀವಲ್ಲ. ಆ ಗೊಂಬೆ ನೋಡ್ದಾಗ ನನಗೆ ಅದೇ ಕಂಡಿದ್ದು. ಕುಂಬಳಕಾಯಿ, ಹಲ್ಲು, ಗುಡ್ಡೆಗಣ್ಣು. ಹೊರದೇಶದೋರೂ ಪಾಪ ದೃಷ್ಟಿಗೇ ಕಟ್ತಾರೇನೋ ಅನ್ಕೊಂಡೆ."

ಉಷಾರಾಣಿಗೆ ನಗುವೂ ಬಂತು, ಸಂಕಟವೂ ಆಯಿತು. ಒಬ್ಬ ಅಜ್ಜಿಯ ಪ್ರೀತಿ, ಒಂದು ಊರಿನ ಹೆದರಿಕೆ, ನಡುವೆ ಸಿಕ್ಕಿಬಿದ್ದವಳು ಕುಳ್ಳಮ್ಮ. ಕುಳ್ಳಮ್ಮ ಬಾಯಿ ಕಟ್ಟಿಕೊಂಡದ್ದು ಮೂವತ್ತು ವರ್ಷ ಅನ್ನ ಹಾಕಿದ ಈ ಮನೆಯ ಮಾನ ಕಾಯಲಿಕ್ಕೆ ಎಂದು ಅವರು ಆಗಲೇ ಕತೆ ಮುಗಿಸಿಕೊಂಡಿದ್ದರು.

"ನಾಳೆ ಇದನ್ನ ಗುಡಿ ಮುಂದೆ ಹೇಳ್ತೀರಾ?"

"ಹೇಳ್ತೀನಿ. ನಾನು ಗೊಂಬೆ ಮಾಡಿದ್ದು ನಿಜ ಅಂತ ಹೇಳ್ತೀನಿ. ಭಾವನಾ ಏನಾದ್ರೂ ಅಂದ್ಕೊಳ್ಲಿ. ಆದ್ರೆ ಮೇಡಂ..."

ಸುಂದ್ರಮ್ಮ ಎದ್ದು ತೊಟ್ಟಿಲ ಬಳಿ ಹೋದರು. ಬಗ್ಗಿ, ಹಾಸಿಗೆಯ ಅಡಿಯ ಹಲಗೆಗೆ ಕೈ ಹಾಕಿ, ಗಂಟು ಬಿಚ್ಚಿ ಏನನ್ನೋ ತಂದರು. ಕಿತ್ತಳೆ ತಲೆಯ, ಹಲ್ಲು ಕಿರಿದ ಗೊಂಬೆ. ಕುತ್ತಿಗೆಗೆ ಪಟಿಕದ ಚೂರು ಕಟ್ಟಿತ್ತು. ನೆತ್ತಿಯಲ್ಲಿ ಏಳು ಕುಣಿಕೆ.

"ನಾನು ಮಾಡಿದ್ದು ಇದು. ಕಟ್ಟಿದಲ್ಲೇ ಇದೆ. ಅವತ್ತು ಹೊಸ್ತಿಲಲ್ಲಿ ಅದನ್ನ ನೋಡಿ, ನಂದೇ ಬಿಚ್ಚಿ ಬಿತ್ತೇನೋ ಅಂತ ಓಡಿಬಂದು ನೋಡಿದೆ. ನಂದು ಇಲ್ಲೇ ಇತ್ತು. ಹೊಸ್ತಿಲಿಂದು ನಾನು ಮಾಡಿದ್ದಲ್ಲ."

ಎರಡು ಗೊಂಬೆ ಅಕ್ಕಿಯ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ಕೂತವು. ಉಷಾರಾಣಿ ಎರಡನ್ನೂ ನೋಡಿದರು. ಒಳ್ಳೆಯ ದಾರ, ಬಿಗಿಯಾದ ಕೈ ಹೊಸ್ತಿಲಿನದು. ಸುಂದ್ರಮ್ಮನದು ಸಡಿಲ, ಅಲ್ಲಲ್ಲಿ ಹತ್ತಿ ಇಣುಕುತ್ತಿತ್ತು. ಹಾಕಿದ ಕೈ ಬೇರೆ ಎನ್ನಲು ಪತ್ತೇದಾರಿಕೆ ಬೇಕಿರಲಿಲ್ಲ.

"ಈ ಮನೆಯ ಎಣಿಕೆ ಇನ್ಯಾರಿಗೆ ಗೊತ್ತು? ಕಂಠಪ್ಪನೋರು, ಶಿವಶಂಕರ, ಭಾವನಾ?"

"ಗಂಡಸರಿಗೆ ಕಡ್ಡಿ ಹಿಡಿಯೋಕೆ ಬರುತ್ತಾ? ಭಾವನಾ ಬಂದು ಎರಡು ವರ್ಷ ಆಗಿಲ್ಲ. ಅವಳು ಅಕ್ಕಿ ತೂಗೋದು ತಕ್ಕಡೀಲಿ."

"ಕುಳ್ಳಮ್ಮ?"

"ಅವಳಿಗೆ ಗೊತ್ತು. ಆದ್ರೆ ಅವಳು ಬೀಜ ಇಟ್ಕೊಂಡೇ ಹಾಕೋದು. ಬಾಯಲ್ಲಿ ಎಣಿಸಿದ್ದು ನಾನು ಒಂದು ದಿನ ಕೇಳಿಲ್ಲ."

"ಮತ್ತೆ ಇನ್ಯಾರು?"

ಸುಂದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಇಷ್ಟು ದಿನ ಅವರು ಬಾಯಿ ಬಿಡದಿದ್ದದ್ದು ಸೊಸೆಯ ಭಯಕ್ಕೆ ಮಾತ್ರವಲ್ಲ ಎಂದು ಉಷಾರಾಣಿಗೆ ಆಗ ಹೊಳೆಯಿತು.

"ಕುಳ್ಳಮ್ಮ ಗಿರಣೀಲಿ ಕೆಲಸ ಮಾಡೋವಾಗ ಅವಳ ಕೂಸು ಇಲ್ಲೇ, ಈ ವಾಡೆ ಪಕ್ಕದಲ್ಲೇ ಆಡ್ಕೊಂಡಿರ್ತಿತ್ತು," ಎಂದರು. "ಪಾವು ಕೈಗೆ ಕೊಟ್ಟು ಎಣಿಸೋದು ಕಲಿಸಿದೋಳು ನಾನೇ. ಸ್ಕೂಲಿಗೆ ಸೇರಿದ ಮೇಲೆ ಮೇಷ್ಟ್ರು ಒಂದು ಅಂದ್ರೆ, ಅದು ಲಾಭ ಅನ್ನೋದಂತೆ. ಊರೆಲ್ಲ ನಗೋರು. ಈಗ ಅವ್ವನ ಹತ್ರ ಕಡ್ಡಿ ಹಿಡಿಯೋದೂ ಕಲಿತಿದ್ದಾಳೆ. ನನ್ನ ಕಂಕುಳಲ್ಲೇ ಬೆಳೆದ ಹುಡುಗಿ ಮೇಡಂ ಅವಳು, ಚಿನ್ನು. ಅವಳ ಹೆಸರು ನಾನು ಹೆಂಗೆ ಹೇಳ್ಲಿ?"

* * *

ಕುಳ್ಳಮ್ಮನ ಮನೆಗೆ ಎರಡು ಬೀದಿ ದಾಟಬೇಕು. ಬಿಸಿಲು ಇನ್ನೂ ಇತ್ತು. ಉಷಾರಾಣಿ ಎಂದಿಗಿಂತ ನಿಧಾನವಾಗಿ ನಡೆದರು. ಮಂಡಿ ನೋಯುತ್ತಿತ್ತು, ಆದರೆ ನಿಧಾನವಾದದ್ದು ಅದಕ್ಕಲ್ಲ.

ನಾಳೆ ಕುಳ್ಳಮ್ಮನನ್ನು ಉಳಿಸಲು ಗುಡಿ ಮುಂದೆ ಏಳು ಎಣಿಸಬೇಕು. ಏಳು ಎಣಿಸಿದರೆ ಊರಿನ ಬೆರಳು ಅವಳ ಮಗಳ ಕಡೆ ತಿರುಗುತ್ತದೆ. ಗೆಜ್ಜೆ ಇಟ್ಟು ಆಟದ ಗೊಂಬೆ ಮಾಡಿದವಳು ಅದನ್ನು ಕೈಯಾರೆ ಕೊಡದೆ ಕದ್ದು ಹೊಸ್ತಿಲಲ್ಲಿ ಇಟ್ಟು ಹೋದದ್ದೇಕೆ? ತಾನೇ ಇಟ್ಟವಳು ಪೊಲೀಸಿನವಳನ್ನು ತಾನೇ ಕರೆಸಿದ್ದೇಕೆ? ಚಿನ್ನುವಿಗೆ ಎರಡು ಸಲ ಫೋನ್ ಮಾಡಿದರು. ಸ್ವಿಚ್ ಆಫ್.

ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ಕುಳ್ಳಮ್ಮ ಒಬ್ಬಳೇ ಕಾಲು ನೀಡಿ ಕೂತು ಕಡ್ಡಿ ಆಡಿಸುತ್ತಿದ್ದಳು. ಪಕ್ಕದಲ್ಲಿ ಸಂಘದ ರಟ್ಟಿನ ಪೆಟ್ಟಿಗೆ.

"ಬನ್ನಿ ಅಮ್ಮೋರೇ, ಕೂತ್ಕಳಿ. ತೊಟ್ಟು ಹೊಲಿಯೋದು ಬಾಕಿ ಇತ್ತಲ್ಲ, ಮನೇಲೇ ಮುಗಿಸ್ತೀನಿ ಅಂದೆ. ಪ್ರೇಮಮ್ಮ ಪೆಟ್ಟಿಗೆ ಕೊಟ್ರು. ಈಗೆಲ್ಲ ನನ್ನ ಕೈಯಿಂದ ಇಸ್ಕತಾರೆ, ಕೊಡ್ತಾರೆ. ನಿಮ್ಮಿಂದ ಆಯ್ತು."

"ಚಿನ್ನು ಎಲ್ಲಿ ಕುಳ್ಳಮ್ಮ?"

"ಮೂರು ಗಂಟೆ ಬಸ್ಸಿಗೆ ಕಳಿಸ್ದೆ."

"ಎಲ್ಲಿಗೆ?"

ಕುಳ್ಳಮ್ಮ ಇನ್ನಷ್ಟು ದಾರ ಎಳೆದುಕೊಂಡಳು. ಉಷಾರಾಣಿ ಪೆಟ್ಟಿಗೆಯೊಳಗೆ ನೋಡಿದರು. ಒಂಬತ್ತು ಗೊಂಬೆಗಳಲ್ಲಿ ಒಂದೂ ಇರಲಿಲ್ಲ. ಬಿಚ್ಚಿದ ಕಿತ್ತಳೆ ದಾರ, ಕಪ್ಪು ದಾರ, ಹತ್ತಿ, ಎಲ್ಲ ಒಂದೇ ರಾಶಿ. ನಾಳೆ ಚಾಮಯ್ಯನವರ ಮುಂದೆ ಇಡಬೇಕಿದ್ದ ಸಾಕ್ಷಿ ಅದು.

"ನಾಳೆ ಆಣೆ ಇಡ್ತೀನಿ ಅಮ್ಮೋರೇ," ಎಂದಳು ಕುಳ್ಳಮ್ಮ, ಶಾಂತವಾಗಿ. "ನಾನೇ ಮಾಡ್ದೆ ಅಂತ."

"ಸುಳ್ಳು ಆಣೆ ಇಟ್ಟರೆ ನಾನು ಸುಮ್ನಿರಲ್ಲ. ಊರು ಬಿಡಬೇಕಾಗುತ್ತೆ, ಗೊತ್ತಲ್ಲ?"

"ಬುಡ್ತೀನಿ. ನನಗೇನು, ಐವತ್ತಾಯ್ತು. ಅವಳಿಗಿನ್ನೂ ಇಪ್ಪತ್ತು."

ಅವಳು ಕೈಯಲ್ಲಿದ್ದುದರ ಉಂಗುರ ಎಳೆದು ಬಿಗಿ ಮಾಡಿ, ಹೊಸ ಕುಂಬಳಕಾಯಿ ತಲೆಯ ನೆತ್ತಿಯನ್ನು ಉಷಾರಾಣಿಯ ಕಣ್ಣಿನ ಮುಂದೆ ಹಿಡಿದಳು. ಚಾಪೆಯ ಮೇಲೆ ಅಂಥವೇ ಇನ್ನೂ ಮೂರು ಇದ್ದವು. ಅವಳ ಮಡಿಲಿನಲ್ಲಿ ಹುಣಸೆಬೀಜಗಳು.

"ಎಣಿಸಿ ನೋಡಿ ಅಮ್ಮೋರೇ," ಎಂದಳು. "ನಂದೂ ಏಳರ ಕೈಯೇ."